ಮುಖ ತಿರುಗಿಸಿದ ತಾಯಿ

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 10.20. ಹುಮನಾಬಾದಿನ ಠಾಣೆಗೆ ಬಂದ ಚರ್ಚಿನ ಉಸ್ತುವಾರಿ ಅಜೀತ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ: "ಮೇಡಂ, ನಮ್ಮ ಮೇರಿ ಮಾತೆ ಮುಖ ತಿರುಗಿಸ್ಯಾಳ್ರಿ."

"ನಮ್ಮ ಮನ್ಯಾಗೂ ಅದೇ ಆಗ್ಯಾದ. ನಾ ಕಂಪ್ಲೇಂಟ್ ಕೊಟ್ಟಿಲ್ಲ," ಎಂದ ಹೆಡ್ ಕಾನ್‌ಸ್ಟೆಬಲ್ ವೈಜಿನಾಥ.

ಪಿಎಸ್‌ಐ ಸ್ನೇಹಲ ನಗಲಿಲ್ಲ. ಅಜೀತ ಮೇಜಿನ ಮೇಲೆ ಗೋಡೆಯ ಚೌಕಟ್ಟನ್ನೂ, ಹಿಂದೆ ದಾಖಲೆಗೆಂದು ತೆಗೆಸಿದ್ದ ದೊಡ್ಡ ಫೋಟೊವನ್ನೂ ಇಟ್ಟ. ಮೂಲ ಚಿತ್ರ ಅಂಗೈಯಷ್ಟೇ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಅಚ್ಚೊತ್ತಿದ್ದು. ಯುರೋಪಿನ ಬರೋಕ್ ಕಾಲದ್ದು, ಅಂದರೆ ಹದಿನೇಳನೇ ಶತಮಾನದ್ದು. ಮಲಗಿದ ಕೂಸಿನ ಮೇಲೆ ಬಾಗಿದ ತಾಯಿ. ಫೋಟೊದಲ್ಲಿ ಅವಳ ಮುಖ ಎಡಕ್ಕಿತ್ತು, ಚೌಕಟ್ಟಿನಲ್ಲಿ ಬಲಕ್ಕಿತ್ತು. ಯಾರೋ ಚಿತ್ರ ಬದಲಿಸಿದ್ದರು.

ಎಫ್‌ಐಆರ್ ದಾಖಲಾಯಿತು. ಏನನ್ನೋ ಗಮನಿಸದೆ ಬಿಟ್ಟೇನೆಂಬ ಅಂಜಿಕೆ ಸ್ನೇಹಲಳಿಗೆ ಯಾವಾಗಲೂ. ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವವಳು. ಭೂತಗನ್ನಡಿ ಹಿಡಿದು ಫೋಟೊದಲ್ಲಿನ ಮೂಲವನ್ನೂ ಚೌಕಟ್ಟಿನ ನಕಲನ್ನೂ ಹೋಲಿಸುತ್ತ ಕೂತಳು. ಮೂಲದಲ್ಲಿ ಬೆಳಕು ಮೇಲಿನ ಎಡಮೂಲೆಯ ಮೇಣದಬತ್ತಿಯಿಂದ ಹೊರಟು, ತಾಯಿಯ ಹಣೆ ಸವರಿ, ಓರೆಯಾಗಿ ಕೂಸಿನ ಮುಷ್ಟಿಗೆ ಇಳಿಯುತ್ತಿತ್ತು. ಉಳಿದದ್ದೆಲ್ಲ ಒಂದರ ಮೇಲೊಂದು ಹಾಯ್ದ ಗೆರೆಗಳ ಕತ್ತಲೆ. ಕೂಸಿನ ಗಲ್ಲಕ್ಕೆ ಅಂಚೇ ಇರಲಿಲ್ಲ. ಕೂದಲೆಳೆಯಂಥ ಗೆರೆಗಳು ಬಾಗುತ್ತ ಬಂದು ನಿಂತಲ್ಲಿ ಗಲ್ಲ ಶುರುವಾಗುತ್ತಿತ್ತು. ನಕಲಿನಲ್ಲಿ ಎಲ್ಲವೂ ಎಡಬಲ ಅದಲುಬದಲು. ನೆರಳಿನಲ್ಲಿ ಗೆರೆಗಳೇ ಇಲ್ಲ, ಬರೀ ಚುಕ್ಕೆ.

"ಇಂವ ಗೆರೆ ಎಳದಾಂವಲ್ಲ, ಚುಕ್ಕೆ ಕುಟ್ಟಿದಾಂವ. ಕೊರದದ್ದು ಅಚ್ಚೊತ್ತಿದ್ರ ತಿರುಗ್ತದ ಅನ್ನೂದೂ ಗೊತ್ತಿಲ್ಲ," ಎಂದಳು.

ವೈಜಿನಾಥ ಊಟದ ಡಬ್ಬಿ ತೆಗೆಯುತ್ತಿದ್ದ. ಮುಚ್ಚಳದ ಮೇಲೆ ಮಷಿನ್ನಿನಿಂದ ಕೊರೆಸಿದ ಅವನ ಹೆಂಡತಿಯ ಹೆಸರು ಚುಕ್ಕೆ ಚುಕ್ಕೆಯಾಗಿ ಹೊಳೆಯಿತು. ಸ್ನೇಹಲ ಡಬ್ಬಿ ಎಳೆದುಕೊಂಡಳು.

"ಮೇಡಂ, ಊಟ ರೀ."

"ಅಜೀತ್ ಅವರ, ಚರ್ಚಿನ ಪಾತ್ರೆ-ಭಾಂಡೆ ಮ್ಯಾಲೆ ಹೆಸರು ಹಾಕಿಸೀರೇನು?"

"ಹೌದ್ರಿ, ಜನವರಿಯಾಗ. ಬಸವಕಲ್ಯಾಣದ ಮಚ್ಚೇಂದ್ರ ಮಷಿನ್ ತಂದು ಮೂರು ದಿನ ಕೂತಿದ್ದ."

ಮಧ್ಯಾಹ್ನ 3.40. ಬಸವಕಲ್ಯಾಣದಲ್ಲಿ ಮಚ್ಚೇಂದ್ರನದು ಒಂದೇ ಕೋಣೆಯ ಮನೆ. ಸಾಕ್ಷಿಗೆಂದು ಕರೆತಂದ ಪಂಚರ ಎದುರು ಹುಡುಕುವ ಅಗತ್ಯವೇ ಬೀಳಲಿಲ್ಲ. ಕಿಟಕಿಯ ಬಳಿ ಗಾಜಿನಡಿ ಮೂಲ ಚಿತ್ರ, ಪಕ್ಕದಲ್ಲಿ ಒಂದು ಸ್ಟೀಲಿನ ಹಾಲುಬಟ್ಟಲು.

"ಯಾವಾಗ ಒಯ್ದಿ?"

"ಮೂರನೇ ದಿನ ರೀ. ಮೊದಲನೇ ದಿನ ಫೋಟೊ ಹೊಡಕೊಂಡು, ತಗಡಿಗೆ ಕುಟ್ಟಿ, ಮಸಿ ಹಚ್ಚಿ ಕಾಗದಕ್ಕ ಒತ್ತಿ ನಕಲು ಮಾಡಿದೆ. ಗ್ವಾಡಿ ಖಾಲಿ ಕಾಣಬಾರ್ದಂತ ಅದನ್ನ ಹಾಕಿದೆ. ಉಲ್ಟಾ ಬಂದಿತ್ತು. ಭಾಂಡೆ ಮ್ಯಾಲೆ ಬರದದ್ದು ಎಂದೂ ತಿರುಗಂಗಿಲ್ರಿ."

"ಫೋಟೊ ಸಾಲಲಿಲ್ಲೇನು?"

"ಫೋನಿನ್ಯಾಗ ಗೀಟೆಲ್ಲಾ ಕೂಡಿ ಮಸಿ ಆಗ್ತಾವ. ಗೀಟಿನ್ಯಾಗ ಗಲ್ಲ ಹ್ಯಾಂಗ ಮೆತ್ತಗಾಗ್ತದ, ಅದು ಕಲೀಬೇಕಿತ್ತು. ಈಗೀಗ ಕೈಗೆ ಬರಾಕತ್ತಿತ್ರಿ. ಮುಗದ ಮ್ಯಾಲೆ ವಾಪಸ್ ಕೊಡಾಂವಿದ್ದೆ."

ಬಟ್ಟಲಿನ ಮೇಲೆ ಕೊರೆದ ಒಂದು ಕೂಸಿನ ಮುಖವಿತ್ತು. ಬಾಗಿಲಲ್ಲಿ ನಿಂತ ಹೆಂಡತಿ ವಿಶಾಖಾಳ ಕಡೆ ನೋಡಿ ಅವನು ದನಿ ಇಳಿಸಿದ.

"ನವೆಂಬರಿನ್ಯಾಗ ಹುಟ್ಟಿತ್ರಿ. ಒಂದೇ ದಿನ ಬದುಕಿತ್ತು. ಇಕಿಗೆ ಎಚ್ಚರ ಇರಲಿಲ್ಲ, ಮುಖ ನಾ ಒಬ್ಬನೇ ನೋಡೀನಿ. ಹ್ಯಾಂಗಿತ್ತು ಅಂತ ದಿನಾ ಕೇಳ್ತಾಳ. ಹೇಳಾಕ ಬರಂಗಿಲ್ಲ."

ಬಟ್ಟಲು ನಾಮಕರಣಕ್ಕೆಂದು ವಿಶಾಖಾಳ ತವರಿನಿಂದ ಮೊದಲೇ ಬಂದದ್ದು. ಹೆಸರು ಹಾಕುವ ಜಾಗ ಖಾಲಿಯಿತ್ತು.

ಸಂಜೆ 4.25ಕ್ಕೆ ಪಂಚನಾಮೆ. ಚಿತ್ರ ಒಂದು, ಜಪ್ತಿ. ವೈಜಿನಾಥ ಪೆನ್ನಿನಿಂದ ಬಟ್ಟಲು ತೋರಿಸಿದ.

"ಅದು ಅವರ ಮನಿ ಭಾಂಡೆ. ಬರೀಬ್ಯಾಡ," ಎಂದಳು ಸ್ನೇಹಲ.

"ಮೇಡಂ," ಎಂದ ಮಚ್ಚೇಂದ್ರ, "ಕಣ್ಣು ಕೊರೆಯೂದು ಉಳದದ್ರಿ."

ಅವಳು ಗಡಿಯಾರ ನೋಡಿದಳು. "ಮುಗಸು."

ಮಷಿನ್ ಬದಿಗಿಟ್ಟು ಕೈಯುಳಿ ಹಿಡಿದ. ಎರಡೇ ಗೆರೆ, ತೆಳ್ಳಗೆ, ಬಾಗಿದವು. ವಿಶಾಖಾ ಬಟ್ಟಲು ತೆಗೆದುಕೊಂಡು ಅವುಗಳ ಮೇಲೆ ಬೆರಳಾಡಿಸಿದಳು.

"ಮುಚ್ಚಿದ್ವೇನ್ರಿ?"

"ಮುಚ್ಚಿದ್ವು. ಮಲಗಿತ್ತು."

ಬಂಧನದ ಸಮಯ 4.50. ಕೇಸ್ ಡೈರಿಯಲ್ಲಿ ಉದ್ದೇಶ ಬರೆಯಬೇಕಾದ ಕಡೆ ಸ್ನೇಹಲ ಬರೆದಳು: ಹೆಂಡತಿ ನೋಡದ ಮುಖವನ್ನು ಆಕೆಗೆ ತೋರಿಸುವುದು.