ತಿರುವಿ ನೋಡದ ಗಿಳಿ

"ಈ ಗಿಳಿ ನನ್ನದು," ಎಂದಳು ಸುರಭಿ.

ಜೆ.ಪಿ. ನಗರದ ಶಾಲೆಯೊಂದರ ಅಂಗಳದಲ್ಲಿ ಭಾನುವಾರದ ಕರಕುಶಲ ಸಂತೆ ನಡೆದಿತ್ತು. ಮೇಜಿನ ಹಿಂದಿದ್ದ ಯುವಕ ತಲೆಯೆತ್ತಿದ. ಅವನ ಬೆರಳಿಗೆಲ್ಲ ಮಣ್ಣು. ಅವಳ ಬೆರಳಿಗೂ ಮಣ್ಣೇ, ಆದರೆ ಅವಳದು ಜಯನಗರದ ಮಣ್ಣು. ಅದಕ್ಕೆ ಮರ್ಯಾದೆ ಜಾಸ್ತಿ ಅಂತ ಅವಳ ನಂಬಿಕೆ.

ಮೇಜಿನ ಮೇಲೆ ಸುಟ್ಟ ಮಣ್ಣಿನ ಓಲೆ. ಹಸಿರು ಗಿಳಿ, ಕೆಂಪು ಕೊಕ್ಕು, ಕೆಳಗೆ ಮೂರು ಮಣಿ. ಆರು ವರ್ಷ ಇದನ್ನೇ ಮಾಡಿ ಸುರಭಿ ಹೆಸರು ಗಳಿಸಿದ್ದಳು. ಹೋದ ವರ್ಷ ಗಿಳಿಗೆ ಕೈಮುಗಿದು, ಈಗ ಬರೀ ಕಪ್ಪು ಚೌಕ, ಕಪ್ಪು ತ್ರಿಕೋನ ಮಾಡುತ್ತಿದ್ದಳು. ಕಲಾವಿದೆ ಬೆಳೆಯಬೇಕಲ್ಲ! ಗಿಳಿ ಬೇಕೆಂದವರಿಗೆಲ್ಲ ಅವಳ ಫೋನು ಒಂದೇ ಉತ್ತರ ಕಳಿಸುತ್ತಿತ್ತು: ಹಳೆಯದನ್ನು ಈಗ ಮಾಡುವುದಿಲ್ಲ.

ಚೌಕಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಕೊಳ್ಳದವರಿಗೆ ಅಭಿರುಚಿಯಿಲ್ಲ ಎಂದು ತೀರ್ಪು ಕೊಟ್ಟು ಅವಳು ಹಾಯಾಗಿದ್ದಳು.

"ಹೌದ್ರಿ, ಗಿಳಿ ನಿಮ್ಮದ," ಎಂದ ಅವನು. "ಒಮ್ಮೆ ತಿರುವಿ ನೋಡ್ರಿ..."

"ನಕಲು ಮಾಡೋರ ಹತ್ರ ನಾನು ಮಾತಾಡಲ್ಲ."

ಮಾತಾಡಲ್ಲ ಅಂದವಳು ಅಲ್ಲೇ ನಿಂತು ಫೋನ್ ತೆಗೆದು, ಗಿಳಿಯನ್ನೂ ಅವನ ಮುಖವನ್ನೂ ತೋರಿಸುತ್ತ ಲೈವ್‌ನಲ್ಲಿ ಮೂರು ನಿಮಿಷ ಮಾತಾಡಿದಳು. ಅವನು ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಬಿರುಕು ಬಿಟ್ಟ ಮಡಕೆಯನ್ನು ನೋಡುವ ಹಾಗೆ ಅವಳನ್ನು ನೋಡಿದ, ಅಷ್ಟೆ.

ಅವಳ ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಎರಡೇ ದಿನದಲ್ಲಿ ಅವನ ಹೆಸರು ಚನ್ನವೀರ, ಗದಗ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದಾನೆ ಎಂದೆಲ್ಲ ಹುಡುಕಿ ಉಗಿದರು. ಸಂತೆಯವರು ಇನ್ನು ಮುಂದೆ ಬರಬೇಡ ಎಂದು ಅವನನ್ನು ಹೊರಗಿಟ್ಟರು.

ಗೆದ್ದಿದ್ದಳು ಸುರಭಿ. ಆದರೂ ಆ ನೋಟ... ಕಳ್ಳನಿಗೆ ಅಷ್ಟು ಧಿಮಾಕು ಎಲ್ಲಿಂದ ಬಂತು? ಅವನು ನನ್ನನ್ನು ಕೀಳಾಗಿ ಕಾಣೋದಾ? ದಿನವೆಲ್ಲ ಇದೇ ಯೋಚನೆ.

ಬುಧವಾರ ಕುಮಾರಸ್ವಾಮಿ ಲೇಔಟಿನಿಂದ ಸರಸ್ವತಿ ಎಂಬ ನಿವೃತ್ತ ಟೀಚರ್ ಅವಳ ಮನೆಗೆ ಬಂದರು. ಬಸ್ಸಿನಲ್ಲಿ ತಮ್ಮ ಒಂದು ಗಿಳಿ ಬಿದ್ದುಹೋದದ್ದು, ಜೊತೆಯದನ್ನು ಮಾಡಿಕೊಡಿ ಎಂದು ಸುರಭಿಗೆ ನಾಲ್ಕು ಸಲ ಬರೆದದ್ದು, ನಾಲ್ಕು ಸಲವೂ ಅದೇ ಉತ್ತರ ಬಂದದ್ದು, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದರು. ಕೊನೆಗೆ ಮಾಡಿಕೊಟ್ಟವನು ಚನ್ನವೀರ. ಒಂಟಿ ಓಲೆ ತಂದವರಿಗಷ್ಟೇ ಅವನು ಗಿಳಿ ಮಾಡುತ್ತಿದ್ದ, ಅದೂ ಒಂದೇ ಒಂದು. ಸಂತೆಯ ಮೇಜಿನ ಮೇಲಿದ್ದದ್ದೂ ಇವರಿಗೆ ಕೊಡಲು ತಂದದ್ದೇ.

"ಯಾವುದು ನಿಂದು, ಯಾವುದು ಅವನದು, ಹೇಳಮ್ಮ ನೋಡೋಣ," ಎಂದು ಎರಡನ್ನೂ ಅಂಗೈಯಲ್ಲಿಟ್ಟರು.

ಸುರಭಿಗೆ ಗೊತ್ತಾಗಲಿಲ್ಲ. ಹಳೆಯ ಗಿಳಿಯ ಬಣ್ಣ ಎಲ್ಲೆಲ್ಲಿ ಮಾಸಿತ್ತೋ ಚನ್ನವೀರ ಹೊಸದನ್ನೂ ಅಲ್ಲಲ್ಲೇ ಉಜ್ಜಿ ಮಾಸುವಂತೆ ಮಾಡಿದ್ದ. ಕೊನೆಗೆ ತಿರುವಿದಳು. ಒಂದರ ಬೆನ್ನಿಗೆ ಅವಳ 'ಸು'. ಇನ್ನೊಂದರ ಬೆನ್ನಿಗೆ ಎದ್ದು ಕಾಣುವಂತೆ ಕೊರೆದ 'ಚ'.

ಹಸಿ ಮಣ್ಣಿನಲ್ಲಿ ಗುರುತು ಕೊರೆಯುವುದೇ ಕಸುಬಿನ ಮೊದಲ ಪಾಠ. ಅದನ್ನು ನೋಡುವ ವ್ಯವಧಾನ ಈ ಮಹಾನ್ ಕಲಾವಿದೆಗೆ ಇರಲಿಲ್ಲ. ಅವಳ ಕಿವಿ ಬಿಸಿಯಾಯಿತು. ಸರಸ್ವತಿಯವರ ಹತ್ತಿರ ಅವನ ವಿಳಾಸ ಕೇಳಿದಳು.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವನ ಕೆಲಸದ ಕೋಣೆ. ಅವಳು ಬಾಗಿಲಲ್ಲಿ ನಿಂತು ಕ್ಷಮಿಸಿ ಎಂದಾಗ ಅವನು ಮಣ್ಣು ನಾದುವುದನ್ನು ನಿಲ್ಲಿಸಲಿಲ್ಲ. ಊರೆಲ್ಲ ಕೇಳುವಂತೆ ಬೈದು, ಗಲ್ಲಿಗೆ ಬಂದು ಗುಟ್ಟಾಗಿ ಕ್ಷಮೆ ಕೇಳುವುದು ದೊಡ್ಡವರ ಮನೆಯ ಪದ್ಧತಿಯೇ ಎಂದು ಮಾತ್ರ ವಿಚಾರಿಸಿದ.

ಅವಳು ತನ್ನ ಕಪ್ಪು ಓಲೆಗಳನ್ನು ಮುಟ್ಟಿಕೊಂಡಳು. ಮುಂದಿನ ವಾರ ಅವುಗಳ ಪ್ರದರ್ಶನವಿತ್ತು.

"ಇವೂ ನೋಡೀನಿ," ಎಂದ ಅವನು. "ಯಾವುದೋ ಪರದೇಶದವರ ಕೈ ಐತಿ ಅದರಾಗ. ನಿಮ್ಮದಿಲ್ಲ."

"ಮತ್ತೆ ಜೀವನವೆಲ್ಲ ಗಿಳಿ ಮಾಡ್ತಾ ಕೂತಿರ್ಬೇಕಾ ನಾನು?"

"ಒಂದ ನಮೂನಿ ಗಿಳಿ ಎಲ್ಲಿ ಮಾಡೀರಿ? ಮೊದಲನೇ ವರ್ಷದ್ದು ರೆಕ್ಕೆ ಮುಚ್ಚೇತಿ. ಮೂರನೇ ವರ್ಷ ಕತ್ತು ಹಿಂದಕ್ಕ ಹೊಳ್ಳೇತಿ. ಕಡೀ ವರ್ಷದ್ದು ಹಾರಾಕ ಕಾಲ ಎತ್ತೇತಿ. ಅರವತ್ತು ಗಿಳಿ ಜೋಡಿಸಿಕೊಟ್ಟೀನಿ, ಒಂದರಂಗ ಒಂದಿಲ್ಲ. ನೀವು ಬೆಳೀತಾನ ಇದ್ರಿ. ನಿಮಗ ಕಾಣಲಿಲ್ಲ, ಅಷ್ಟ."

ಸುರಭಿಗೆ ಅಳು ಬಂತು. ಸಾವಿರ ಜನ ಅವಳ ಒಡವೆ ತೊಟ್ಟಿದ್ದರು, ಹೊಗಳಿದ್ದರು. ಅವಳ ಕೈ ನಡೆದುಬಂದ ದಾರಿಯನ್ನು ಇಷ್ಟು ಹತ್ತಿರದಿಂದ ನೋಡಿದವನು ಇವನೊಬ್ಬನೇ. ಇವನ ಮುಖಕ್ಕೇ ತಾನು ಮಸಿ ಬಳಿದದ್ದು...

ಅಲ್ಲೇ ಫೋನ್ ತೆಗೆದಳು. ಈ ಸಲ ತನ್ನ ಕಡೆ ತಿರುಗಿಸಿಕೊಂಡಳು. ಚನ್ನವೀರ ಕಳ್ಳನಲ್ಲ, ತಿರುವಿ ನೋಡದೆ ಅವನ ಅನ್ನಕ್ಕೆ ಕಲ್ಲು ಹಾಕಿದ್ದು ತಾನು, ನಿಜವಾಗಿ ನಕಲು ಮಾಡುತ್ತಿರುವವಳೂ ತಾನೇ ಎಂದು ಹೇಳಿದಳು. ಪ್ರದರ್ಶನ ರದ್ದು ಎಂದೂ ಸೇರಿಸಿದಳು.

ಅಭಿಮಾನಿಗಳು ನಿಷ್ಪಕ್ಷಪಾತಿಗಳು. ಅವನನ್ನು ಉಗಿದಷ್ಟೇ ಉತ್ಸಾಹದಿಂದ ಅವಳನ್ನೂ ಉಗಿದರು. ಸಂತೆಯವರು ಏನೂ ಆಗಿಲ್ಲವೆಂಬಂತೆ ಅವನನ್ನು ಮತ್ತೆ ಕರೆದರು.

ಅವನು ಮಾತ್ರ ಕರಗಲಿಲ್ಲ. ಮರುದಿನ ಅವಳು ಬಂದಳು, ಅದರ ಮರುದಿನವೂ ಬಂದಳು. ಅವನು ಒಂದು ಮಣೆ ಸರಿಸಿ ಕೊಟ್ಟ, ಆಮೇಲೆ ಚಹಾ ಕೊಟ್ಟ. ಅವಳು ಏನೇ ಮಾಡಿದರೂ ಮೂಗು ಮುರಿದ. ಆದರೆ ಅವಳು ಬರುವುದು ತಡವಾದ ದಿನ ಗಲ್ಲಿಯ ತುದಿಯಲ್ಲಿ ನಿಂತಿದ್ದ. ಅವಳು ಕಂಡದ್ದೇ ತಡ, ಮುಖ ಗಂಟಿಕ್ಕಿಕೊಂಡು ಒಳಗೆ ನಡೆದ. ಸುರಭಿ ಅವನ ಹಿಂದೆಯೇ ಒಳಗೆ ಹೋದಳು. ಇನ್ನು ಕೇಳದೆ ಇರುವುದು ಅವಳಿಂದಾಗಲಿಲ್ಲ.

"ನಂಗೆ ನೀವಂದ್ರೆ ಇಷ್ಟ, ಚನ್ನವೀರ. ನಿಮ್ಮ ಕೋಪ ಹೋಗೋಕೆ ಇನ್ನೂ ಎಷ್ಟು ದಿನ ಬೇಕು?"

ಅವನು ಬೆರಳಿನ ಮಣ್ಣು ಒರೆಸಿಕೊಂಡ.

"ನೀವು ದಿನಾ ಬಂದು ಹಿಂಗ ಕೇಳಿದ್ರ... ಅದು ಹೋಗೂದ ಬ್ಯಾಡ ಅನಸ್ತೈತ್ರಿ."

"ಹಾಗಾದ್ರೆ ನಾಳೆ ಹತ್ತು ಗಂಟೆಗೆ ಬರ್ತೀನಿ."

"ಹತ್ತು ಭಾಳ ತಡ ಆತು," ಎಂದ ಅವನು, ಅವಳ ಕಡೆ ನೋಡದೆ. "ಎಂಟಕ್ಕ ಬಾ."