ಉಪ್ಪಿನ ಬಂಡೆಯ ಹೂವು

"ಮುಟ್ಬೇಡ ಶಾಬಿ! ಮೊದ್ಲು ಅದರ ನಾಲಗೆ ನೋಡ್ಬೇಕು!"

ನೆರೇಯಾ ಬೋರಲು ಮಲಗಿ, ಬಂಡೆಯ ಬುಡದಲ್ಲಿದ್ದ ನೇರಳೆ ಹೂವಿಗೆ ಭೂತಗನ್ನಡಿ ಹಿಡಿದಿದ್ದಳು.

"ಹೂವಿಗೂ ನಾಲಗೆನಾ? ಜ್ವರ ಇದ್ಯಾ ನೋಡಿ, ಡಾಕ್ಟರಮ್ಮ!" ಅಣ್ಣ ಶಾಬಿ ನಕ್ಕ.

ಟೀಚರ್ ಕೊಟ್ಟ ಚಿತ್ರ ಅವಳ ಮೊಣಕೈ ಕೆಳಗಿತ್ತು. ಅಮೆರಿಕದ ನೆವಾಡಾದ ಈ ಒಣ ಬೆಟ್ಟಗಳಲ್ಲೂ ಎಲ್ಲೋ ಒಂದೆರಡು ಕಡೆ ಮಾತ್ರ ಇರುವ ಹೂವದು. ಅದನ್ನೇ ಹೋಲುವ ಇನ್ನೊಂದು ಹೂವು ರಸ್ತೆ ಬದಿಯಲ್ಲೆಲ್ಲ ಸಿಗುತ್ತದೆ. ಅದರೊಳಗೆ ನಾಲಗೆಯಂತೆ ಚಾಚಿದ ಕಡ್ಡಿ ನುಣ್ಣಗಿರುತ್ತದೆ. ಅಪರೂಪದ ಹೂವಾದರೆ ನಾಲಗೆ ಮೇಲೆ ಹಳದಿ ಕೂದಲು ಇರಬೇಕು.

ಇತ್ತು! ಗಡ್ಡದ ಹಾಗೆ ದಟ್ಟವಾಗಿತ್ತು.

ನೆರೇಯಾಳ ಖುಷಿ ಒಂದೇ ಗಳಿಗೆ. ಬಂಡೆಯ ಮೇಲೆ ಉಪ್ಪಿನ ಗಟ್ಟಿ ಇತ್ತು. ಬೆಳಿಗ್ಗೆ ಅವಳೇ ಇಟ್ಟದ್ದು. ಸಂಜೆ ಅಜ್ಜನ ಕುರಿಗಳು ಅದನ್ನು ನೆಕ್ಕಲು ಬಂದರೆ ಹೂವಿನ ಕತೆ ಮುಗಿದಂತೆಯೇ.

"ಕಿತ್ಕೊಂಡ್ಬಿಡು. ಟೀಚರ್‌ಗೆ ತೋರ್ಸಿದ್ರಾಯ್ತು," ಎಂದ ಶಾಬಿ.

"ಇರೋದೇ ಒಂದು ಗಿಡ ಕಣೋ!"

ಇಬ್ಬರೂ ಗಟ್ಟಿಯನ್ನು ದೂರಕ್ಕೆ ಹೊತ್ತು ಹಾಕಿದರು. ಕೋಲೂರಿಕೊಂಡು ಬಂದ ಅಜ್ಜ ತಲೆಯಾಡಿಸಿದರು.

"ಅಷ್ಟು ಸಾಲ್ದಮ್ಮ. ನಮ್ಮಪ್ಪನ ಕಾಲದಿಂದ್ಲೂ ಉಪ್ಪು ಇಡೋದು ಈ ಬಂಡೆ ಮೇಲೇನೇ. ಕಲ್ಲಿಗೂ ಉಪ್ಪು ಹತ್ತಿದೆ, ಕುರಿಗಳು ಅದನ್ನೇ ನೆಕ್ತಾವೆ."

"ಹಾಗಾದ್ರೆ ಈ ಹೂವು ನಿಮಗೆ ಗೊತ್ತಾ ಅಜ್ಜ?"

"ಇಲ್ಲಮ್ಮ. ಒಂದ್ಸಲಾನೂ ನೋಡಿಲ್ಲ."

ನೆರೇಯಾ ಜಲ್ಲಿ ಸರಿಸಿದಳು. ಗಿಡದ ಬುಡ ಅವಳ ಹೆಬ್ಬೆರಳಿಗಿಂತ ದಪ್ಪವಿತ್ತು, ಎಷ್ಟೋ ವರ್ಷ ಹಳೆಯದು. ಸುತ್ತಲೂ ಹಳೆಯ ಕಡ್ಡಿಗಳ ಮೊಂಡುಗಳು, ಎಲ್ಲವೂ ಕುರಿ ಕಚ್ಚಿ ಉಳಿದವು. ಈ ವರ್ಷ ಹಿಮ ತಡವಾಗಿ ಕರಗಿತ್ತು, ಕುರಿಗಳು ಬೆಟ್ಟ ಹತ್ತಿದ್ದೂ ತಡವಾಗಿಯೇ. ಅದಕ್ಕೇ ಈ ಸಲ ಹೂವು ಅರಳಿತ್ತು.

"ಅಜ್ಜ, ಕಲ್ಲು ತೊಳೆಯೋಣ್ವಾ?"

"ಕುಡಿಯೋ ನೀರಿಂದಾನಾ?" ಶಾಬಿ ಕಣ್ಣರಳಿಸಿದ. "ನೀರಿನ ಗಾಡಿ ಬರೋದು ನಾಳೆ!"

ಅಜ್ಜ ಡೇರೆಯಿಂದ ನೀರಿನ ಕ್ಯಾನ್ ತಂದು, ಮಕ್ಕಳಿಗೆ ಕುಡಿಯಲು ಒಂದಿಷ್ಟು ಉಳಿಸಿ, ಮಿಕ್ಕಿದ್ದನ್ನು ಬಂಡೆಗೆ ಸುರಿದರು. ತಲೆಯ ಕರಿ ಟೊಪ್ಪಿಗೆ ತೆಗೆದು ಅದರಿಂದಲೇ ಗಸಗಸ ತಿಕ್ಕಿದರು.

"ಸಂಜೆ ಕಾಫಿ ಕೇಳ್ಬೇಡಿ ಮತ್ತೆ," ಎಂದರು. ದಿನಾ ಕಾಫಿ ಕುಡಿಯುವವರು ಅವರೊಬ್ಬರೇ.

ಸಂಜೆ, ಕೊರಳಿಗೆ ಗಂಟೆ ಕಟ್ಟಿದ ಮುಂದಾಳು ಕುರಿ ಬಂಡೆಯನ್ನು ಮೂಸಿತು, ಸೀನಿತು, ಉಪ್ಪಿನ ಗಟ್ಟಿಯತ್ತ ನಡೆಯಿತು. ಉಳಿದವೂ ಅದರ ಹಿಂದೆ ಹೋದವು.

ಅಜ್ಜ ನೆಲಕ್ಕೆ ಬೋರಲಾಗಿ ಭೂತಗನ್ನಡಿ ಹಿಡಿದರು. "ಅಬ್ಬಾ! ಇದರ ಗಡ್ಡ ನನ್ನದಕ್ಕಿಂತ ಚೆನ್ನಾಗಿದೆ!"

ಶಾಬಿ ಹೊಟ್ಟೆ ಹಿಡಿದು ನಕ್ಕ. ನೆರೇಯಾ ನಗಲಿಲ್ಲ. ಹೋದ ವರ್ಷವೂ ಇಲ್ಲಿ ಉಪ್ಪು ಇಟ್ಟವಳು ಅವಳೇ. ಆ ಮೊಂಡುಗಳಲ್ಲಿ ಹೋದ ವರ್ಷದ್ದು ಯಾವುದು ಎಂದು ಅವಳು ಹುಡುಕುತ್ತಿದ್ದಳು.