ಉಪ್ಪಿನ ಬಯಲಿನಲ್ಲಿ ಕನೀಜಮ್ಮನ ಕಂಬಳಿ

"ಗೋಪಾಲಮ್ಮ, ಈ ಕಂಬಳಿ ಮಾತ್ರ ವಾಪಸ್ ತರ್ಬೇಕು. ನಮ್ಮತ್ತೆ ಕೊಟ್ಟಿದ್ದು," ಎನ್ನುತ್ತಾ ಕನೀಜಮ್ಮ ದಪ್ಪನೆಯ ಕರಿ ಕಂಬಳಿಯನ್ನು ಟ್ರಂಕಿನ ತಳಕ್ಕೆ ತುರುಕಿದಳು.

"ಮರಳುಗಾಡಿಗೆ ಕಂಬಳಿ ಯಾಕವ್ವ? ಬಿಸ್ಲು ಸುಡ್ತೈತೆ ಅಂತೀಯ!"

"ಹಗಲು ಸುಡುತ್ತೆ, ಸೂರ್ಯ ಮುಳುಗಿದ್ರೆ ಹಲ್ಲು ಕಟಕಟ ಅನ್ನುತ್ತೆ. ಹೋಗಿ ಬಂದವಳು ನಾನಾ, ನೀನಾ?"

ಗೋಪಾಲಮ್ಮ ಹೆಬ್ಬಾಳದ ಸೂಲಗಿತ್ತಿ. ಕೆರೆಯ ಸುತ್ತಮುತ್ತಲಿನ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡದ್ದು ಅವಳ ಕೈ. ಆರ್.ಟಿ. ನಗರದ ಕನೀಜಮ್ಮನ ದೊಡ್ಡ ಮಗಳು ಮಲ್ಕಾ ಕೂಡ ಅದೇ ಕೈಗೆ ಹುಟ್ಟಿದವಳು. ಈಗ ಮಲ್ಕಾ ಕಡಲಾಚೆ, ಅಬುಧಾಬಿಯ ಮರಳುಗಾಡಿನಲ್ಲಿದ್ದಳು. ಅವಳ ಗಂಡನಿಗೆ ಅಲ್ಲಿನ ಎಣ್ಣೆ ಬಾವಿಯ ಶಿಬಿರದಲ್ಲಿ ಕೆಲಸ. ಹತ್ತಿರದಲ್ಲಿ ಡಾಕ್ಟರಿಲ್ಲ. ಹೋದ ವರ್ಷ ಮೊದಲ ಮಗು ಉಳಿಯಲಿಲ್ಲ. ನೋಡಲು ಹೋದ ಕನೀಜಮ್ಮ ಬಿಸಿಲಿಗೆ ಬಿದ್ದು, ಅರ್ಧ ಜೀವವಾಗಿ ಮರಳಿದ್ದಳು. ಮತ್ತೆ ಅತ್ತ ಕಾಲಿಡಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಈಗ ಮಲ್ಕಾ ಮತ್ತೆ ತುಂಬು ಬಸುರಿ. ಅವಳು ಕೇಳಿಕೊಂಡದ್ದು ಒಂದೇ. ಗೋಪಾಲಮ್ಮ ಬರಲಿ.

ಯಶವಂತಪುರದ ಸಂತೆಯಿಂದ ಆಚೆಗೆ ಹೋಗಿರದ ಗೋಪಾಲಮ್ಮ ಹಡಗನ್ನು ಕಂಡವಳೇ ಅಲ್ಲ. ಆದರೂ ಇಲ್ಲವೆನ್ನಲು ನಾಲಗೆ ಬರಲಿಲ್ಲ. ಜೊತೆಗೆ ಮಲ್ಕಾಳ ತಂಗಿ ನಸೀಮಾ ಹೊರಟಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ಧೈರ್ಯವೂ ಇತ್ತು, ಹೊಸದೊಂದು ಗುಲಾಬಿ ನೈಲಾನ್ ಸೀರೆಯೂ ಇತ್ತು.

"ಅದನ್ನ ತೆಗಿ," ಎಂದಳು ತಾಯಿ. "ಅಲ್ಲಿ ನೂಲಿನ ಬಟ್ಟೆ ಬಿಟ್ಟು ಬೇರೆ ಉಡಬಾರ್ದು. ಸಡಿಲವಾಗಿರ್ಬೇಕು, ತೋಳು ತುಂಬ ಇರ್ಬೇಕು. ತಲೆ ಮೇಲಿನ ಸೆರಗು ಜಾರಬಾರ್ದು. ಬಾಯಾರಿಕೆ ಆಗೋಕೆ ಮುಂಚೆ ನೀರು ಕುಡೀರಿ, ಗುಟುಕು ಗುಟುಕಾಗಿ. ಉಪ್ಪು, ಬೆಲ್ಲ ಸೆರಗಲ್ಲೇ ಇರ್ಲಿ. ಬೆಳಗ್ಗೆ ಚಪ್ಪಲಿ ಕೊಡವದೆ ಕಾಲು ಹಾಕ್ಬೇಡಿ, ಚೇಳಿರುತ್ತೆ. ನಡು ಮಧ್ಯಾಹ್ನ ಪ್ರಯಾಣ ಬೇಡ. ಮೈ ಬೆವರೋದು ನಿಂತ್ರೆ ಹುಷಾರು! ಆಗ ನೀರು ಹೊಟ್ಟೆಗೆ ಮಾತ್ರ ಸಾಲಲ್ಲ, ಮೈಗೂ ಬೇಕು. ಇನ್ನೊಂದು ಮಾತು, ಗಾಡಿ ಕೆಟ್ರೆ ಗಾಡಿ ಬಿಟ್ಟು ನಡೀಬೇಡಿ. ನಡೆದವರು ಸಿಕ್ಕಿಲ್ಲ, ಕೂತವರು ಸಿಕ್ಕಿದ್ದಾರೆ."

"ಇಷ್ಟೆಲ್ಲ ನೆನಪಿಟ್ಕೊಳ್ಳೋಕೆ ನನ್ ತಲೆ ಏನ್ ಕಣಜವೇನವ್ವ?" ಎಂದು ಗೋಪಾಲಮ್ಮ ನಕ್ಕಳು. ಅತ್ತ ನಸೀಮಾ ಸದ್ದಿಲ್ಲದೆ ಗುಲಾಬಿ ಸೀರೆಯನ್ನು ಮತ್ತೆ ಟ್ರಂಕಿಗೆ ಸೇರಿಸಿದಳು.

೧೯೬೭ರ ಯುಗಾದಿ ಕಳೆದ ಮೇಲೆ ಅವರು ಮುಂಬಯಿಯಲ್ಲಿ ಹಡಗು ಹತ್ತಿದರು. ಗೋಪಾಲಮ್ಮ ವಾಂತಿ ಮಾಡಿಕೊಂಡೇ ಕಡಲು ದಾಟಿದಳು. ದುಬೈ ದಡದಲ್ಲಿ ಶಿಬಿರದ ಜೀಪು ಕಾದಿತ್ತು. ಡ್ರೈವರನನ್ನು ನೋಡಿ ಅವಳಿಗೆ ಹೋದ ಜೀವ ಬಂದಂತಾಯಿತು. ಅವನು ಹೆಬ್ಬಾಳದವನೇ, ಬ್ಯಾಟರಾಯಪ್ಪ. ಮಲ್ಕಾಳ ಗಂಡನೇ ಅವನನ್ನು ಕೆಲಸಕ್ಕೆ ಕರೆಸಿಕೊಂಡಿದ್ದ.

"ನಿನ್ನೂ ನಾನೇ ಎತ್ತಿದ್ದು ಕಣೋ. ಉಟ್ದಾಗ ಇಲಿಮರಿ ಇದ್ದಂಗಿದ್ದೆ!"

"ಅತ್ತೆ, ಮೆಲ್ಲಗೆ ಮಾತಾಡು, ಇಲ್ಲಿ ನನಗೆ ಮರ್ಯಾದೆ ಐತೆ!"

ಎರಡನೆಯ ದಿನ ಬೆಳಗಾಗುವ ಮೊದಲೇ ಹೊರಟರು. ಆ ನೆಲದ ವಿಸ್ತಾರ ಕಂಡು ಗೋಪಾಲಮ್ಮನ ಎದೆ ಸಣ್ಣಗಾಯಿತು. ಮರವಿಲ್ಲ, ಹಕ್ಕಿಯಿಲ್ಲ, ಕೂಗಿದರೆ ಓಗೊಡುವ ಬಂಡೆಯೂ ಇಲ್ಲ. ಮರಳಿನ ದಿಬ್ಬಗಳು ರಾಗಿ ರಾಶಿಗಳ ಹಾಗೆ ಒಂದರ ಹಿಂದೆ ಒಂದು ಎದ್ದು, ಗಾಳಿ ಬೀಸಿದಾಗ ತುದಿಯಲ್ಲಿ ಹೊಗೆಯಾಡುತ್ತಿದ್ದವು. ಚಕ್ರದ ಗುರುತು ಮೂಡಿದ ಹಿಂದೆಯೇ ಅಳಿಸಿಹೋಗುತ್ತಿತ್ತು. ದಾರಿ ಎಂದರೆ ದೂರ ದೂರಕ್ಕೆ ನಿಲ್ಲಿಸಿದ್ದ ಟಾರು ಡ್ರಮ್ಮುಗಳ ಸಾಲು, ಅಷ್ಟೆ. ಒಂದು ಡ್ರಮ್ಮು ದಾಟಿ ಇನ್ನೊಂದು ಕಾಣುವವರೆಗೂ ಅವಳು ಉಸಿರು ಹಿಡಿದು ಕೂತಿರುತ್ತಿದ್ದಳು.

ಬಿಸಿಲೇರಿದ ಮೇಲೆ ಒಂದು ಕಾವಲು ಠಾಣೆ ಸಿಕ್ಕಿತು. ಅಲ್ಲಿನವನು ವೈರ್‌ಲೆಸ್ಸಿನಲ್ಲಿ ಬಂದ ಸುದ್ದಿ ಹೇಳಿದ. ಬ್ಯಾಟರಾಯಪ್ಪನ ಮುಖ ಬಿಳಿಚಿಕೊಂಡಿತು.

"ಅತ್ತೆ, ಮಲ್ಕಮ್ಮನಿಗೆ ರಾತ್ರಿಯಿಂದಾನೇ ನೋವು ಕಾಣಿಸ್ಕೊಂಡೈತಂತೆ."

ದಿನ ತುಂಬಲು ಇನ್ನೂ ಎರಡು ವಾರವಿತ್ತು. ನಸೀಮಾ ಅಕ್ಕನೆದುರು ಚೆಂದ ಕಾಣಬೇಕೆಂದು ಅಂದೇ ಗುಲಾಬಿ ಸೀರೆ ಉಟ್ಟಿದ್ದಳು. ಅದರ ಅಂಚು ಹಿಂಡುತ್ತಾ ಅಳತೊಡಗಿದಳು. ಮಧ್ಯಾಹ್ನ ನಿಂತು ಹೋಗಿ ಎಂದು ಠಾಣೆಯವನು ಕೈಸನ್ನೆ ಮಾಡಿದ. ಯಾರೂ ಕೇಳಲಿಲ್ಲ.

ಮುಂದೆ ದಾರಿ ಎಡಕ್ಕೆ ತಿರುಗಿತು. ಡ್ರಮ್ಮುಗಳು ಒಂದು ಬಯಲನ್ನು ದೊಡ್ಡದಾಗಿ ಬಳಸಿಕೊಂಡು ಹೋಗಿದ್ದವು. ಆ ಬಯಲು ಅಂಗೈಯಷ್ಟು ಸಪಾಟು, ಒಣಗಿ ಬಿರುಕುಬಿಟ್ಟ ಬಿಳಿ ನೆಲ.

"ಇದ್ಯಾಕಪ್ಪ ಸುತ್ತು?"

"ಎಲ್ರೂ ಇಂಗೇ ಓಗೋದು. ಅಡ್ಡ ಬಿದ್ರೆ ಆಚೆ ಬೇಗ ಮುಟ್ಟಬೋದು. ಸುತ್ತಿದ್ರೆ ಕತ್ತಲಾಗ್ತೈತೆ."

ಗೋಪಾಲಮ್ಮ ಬಯಲನ್ನು ನೋಡಿದಳು. ಅದು ಥೇಟ್ ಹೆಬ್ಬಾಳ ಕೆರೆಯ ಬೇಸಿಗೆಯ ಅಂಗಳ. ನೀರು ಬತ್ತಿದ ಮೇಲೆ ಊರಿನ ಗಾಡಿಗಳೆಲ್ಲ ಏರಿ ಬಿಟ್ಟು ಕೆರೆಯಂಗಳಕ್ಕೇ ಅಡ್ಡ ಬೀಳುತ್ತಿದ್ದವು. ಬಿರುಕು ಬಿಟ್ಟ ನೆಲ ಎತ್ತಿನ ಗಾಡಿಯನ್ನು ಹೊರುತ್ತಿತ್ತು. ನೋವು ತಿನ್ನುತ್ತಿರುವ ಮಲ್ಕಾ ಕಣ್ಣ ಮುಂದೆ ಬಂದಳು.

"ನಮ್ ಕೆರೆ ಅಂಗ್ಳ ಇದ್ದಂಗೇ ಐತೆ. ನಡಿ, ಅಡ್ಡ ಓಗಾನ."

ಬ್ಯಾಟರಾಯಪ್ಪ ತಲೆ ಕೆರೆದುಕೊಂಡ. ಅವನೂ ಅದೇ ಅಂಗಳದಲ್ಲಿ ಗಾಡಿ ಹೊಡೆದವನು. ಸ್ಟೀರಿಂಗ್ ತಿರುಗಿಸಿದ.

ಮೊದಲು ಜೀಪು ತೇಲಿದಂತೆ ಓಡಿತು. ಆಮೇಲೆ ಚಕ್ರದಡಿಯಲ್ಲಿ ಹಪ್ಪಳ ಮುರಿದಂಥ ಸದ್ದು.

ಚಟ್. ಚಟ ಚಟ.

"ಅಯ್ಯೋ, ನಿಲ್ಸು!"

ನಿಲ್ಲಿಸುವುದೇ ಬೇಕಾಗಲಿಲ್ಲ. ನೆಲ ಬಾಯಿಬಿಟ್ಟಿತು. ಮುಂಚಕ್ರಗಳು ಅಚ್ಚಿನವರೆಗೆ ಇಳಿದವು. ಬಿಳಿ ಪದರದ ಕೆಳಗೆ ಕರ್ರನೆಯ ಕೆಸರು ಗುಳುಗುಳು ಎನ್ನುತ್ತಿತ್ತು. ಅದು ಮಣ್ಣಲ್ಲ, ಉಪ್ಪು. ಕೆಳಗೆ ಕಡಲ ನೀರು ಇನ್ನೂ ಜೀವಂತವಾಗಿತ್ತು.

ಬ್ಯಾಟರಾಯಪ್ಪ ಎಂಜಿನ್ ಕೂಗಿಸಿದಷ್ಟೂ ಜೀಪು ಆಳಕ್ಕಿಳಿಯಿತು.

"ಸಾಕು ಕಣೋ, ಊತುಬಿಡ್ತೀಯ!"

ಎಂಜಿನ್ ನಿಂತಿತು. ಗೋಪಾಲಮ್ಮ ಇಳಿದು ಸುತ್ತ ನೋಡಿದಳು. ಡ್ರಮ್ಮುಗಳು ಕಾಣುತ್ತಿರಲಿಲ್ಲ. ತಾವು ಎಲ್ಲಿದ್ದೇವೆಂದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಕುವವರು ದಾರಿಯಲ್ಲಿ ಹುಡುಕುತ್ತಾರೆ, ಇಲ್ಲಿ ಅಲ್ಲ. ನಡಿ ಎಂದದ್ದು ತಾನೇ.

ಬಿಸಿಲು ನೆತ್ತಿಗೆ ಬಂತು. ಜೀಪಿನ ತಗಡು ಮುಟ್ಟಿದರೆ ಬೊಬ್ಬೆ. ಟಾರ್ಪಾಲನ್ನು ಪಕ್ಕಕ್ಕೆ ಕಟ್ಟಿ, ಮೂವರೂ ಆ ಗೇಣು ನೆರಳಿಗೆ ನುಗ್ಗಿದರು. ಇದ್ದದ್ದು ಎರಡು ಕ್ಯಾನ್ವಾಸ್ ಚೀಲದ ನೀರು. ಗೋಪಾಲಮ್ಮ ಉಪ್ಪು ಬೆಲ್ಲ ನಾಲಗೆಗಿಟ್ಟು, ಗುಟುಕು ಗುಟುಕು ಹಂಚಿದಳು.

ಸ್ವಲ್ಪ ಹೊತ್ತಿಗೆ ಬ್ಯಾಟರಾಯಪ್ಪ ಎದ್ದು ನಿಂತ. "ಅತ್ತೆ, ಅಲ್ಲಿ ನೋಡು. ಕರೀಗೆ ಏರಿ ಕಾಣ್ತೈತೆ. ನೀರೂ ಒಳೀತೈತೆ. ನಾನ್ ನಡ್ಕೊಂಡೋಗಿ ಜನ ಕರ್ಕೊಂಬತ್ತೀನಿ."

ಅವಳಿಗೂ ಕಂಡಿತು. ಏರಿ, ಏರಿಯ ಮೇಲೆ ಮರದಂಥದು, ಕೆಳಗೆ ನೀರಿನ ಹೊಳಪು. ಕಾಲು ಅವಳನ್ನೂ ಎಳೆಯಿತು. ಆದರೆ ಆ ಏರಿ ನಿಂತಲ್ಲೇ ನಡುಗುತ್ತಿತ್ತು.

"ಕೂತ್ಕೊ."

"ಬಿಡತ್ತೆ, ಇಲ್ಲೇ ಸಾಯ್ಬೇಕಾ?"

ಅವಳು ಅವನ ಅಂಗಿಯನ್ನು ಎರಡೂ ಕೈಯಿಂದ ಜಗ್ಗಿ ಕೆಡವಿದಳು. "ನಡೆದವ್ರು ಸಿಕ್ಕಿಲ್ಲ ಅಂದವ್ಳೆ ಕನೀಜಮ್ಮ. ನಿನ್ನ ಈ ಲೋಕಕ್ಕೆ ಎಳೆದವ್ಳು ನಾನು. ನನ್ನ ಕಣ್ಣೆದ್ರು ಓಗೋಕೆ ಬಿಡಲ್ಲ."

ಅವನು ಮಗುವಿನ ಹಾಗೆ ಬಿಕ್ಕಿದ.

ಆಗಲೇ ನಸೀಮಾ ನಕ್ಕದ್ದು. "ಅಮ್ಮಿ, ಬಸ್ ಬಂತು. ಶಿವಾಜಿನಗರದ್ದು," ಎಂದಳು.

ಗೋಪಾಲಮ್ಮ ಅವಳ ಹಣೆ ಮುಟ್ಟಿದಳು. ಬೆಂಕಿ. ಹನಿ ಬೆವರಿಲ್ಲ. ನೈಲಾನ್ ಸೀರೆ ಮೈಗೆ ಅಂಟಿ, ಒಳಗೆ ಬೇಯಿಸುತ್ತಿತ್ತು.

"ಬ್ಯಾಟರಾಯ, ಆ ಕಡೆ ತಿರುಗು!"

ಸೀರೆಯನ್ನು ಕಿತ್ತೆಸೆದು, ಮೂಟೆಯಿಂದ ತನ್ನ ಹಳೆಯ ನೂಲಿನ ಸೀರೆ ತೆಗೆದು ಸುತ್ತಿದಳು. ಚೀಲದ ಮುಚ್ಚಳ ತೆಗೆದಳು. ಕುಡಿಯುವ ನೀರದು. ಹೊಟ್ಟೆಗೋ, ಮೈಗೋ? ಯೋಚಿಸುತ್ತಾ ಕೂರುವಂತಿರಲಿಲ್ಲ. ಕತ್ತಿಗೆ, ಕಂಕುಳಿಗೆ, ನೆತ್ತಿಗೆ ಸುರಿದು, ಸೆರಗಿನಿಂದ ಬೀಸಿದಳು. ಬೀಸುತ್ತಲೇ ಇದ್ದಳು. ತೋಳು ಸೋತಾಗ ಬ್ಯಾಟರಾಯಪ್ಪ ಬೀಸಿದ. ಒಂದು ಚೀಲ ಪೂರ್ತಿ ಬರಿದಾಯಿತು.

ಹೊತ್ತು ವಾಲಿದಾಗ ನಸೀಮಾಳ ಮೇಲ್ದುಟಿಯಲ್ಲಿ ಒಂದು ಹನಿ ಮೂಡಿತು. ಬೆವರು. ಗೋಪಾಲಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

ಬಿಸಿಲು ತಣಿಯಿತು. ಇನ್ನು ಕತ್ತಲಾಗುವುದರೊಳಗೆ ಏಳಬೇಕು. ನೆಲವನ್ನು ಅಗಲವಾಗಿ ಕಚ್ಚಲೆಂದು ಚಕ್ರದ ಗಾಳಿ ಅರ್ಧ ಇಳಿಸಿದರು. ಟ್ರಂಕು, ಮೂಟೆ ಎಲ್ಲ ಇಳಿಸಿದರು. ಬರಿಗೈಯಲ್ಲಿ ಕೆಸರು ಬಗೆದರು. ಉಪ್ಪಿನ ಚಕ್ಕೆ ಬೆರಳುಗಳನ್ನು ಸೀಳಿತು.

"ಅಗೋ ಆ ದಡ ಅತ್ರಾನೇ ಐತೆ. ಮುಂದಕ್ಕೆ ನುಗ್ಸೋಣ," ಎಂದ ಬ್ಯಾಟರಾಯಪ್ಪ.

"ಹೌದು," ಎಂದಳು ನಸೀಮಾ, ಕ್ಷೀಣ ದನಿಯಲ್ಲಿ. "ಹಿಂದೆ ಹೋದ್ರೆ ಅಕ್ಕ..."

ಗೋಪಾಲಮ್ಮ ಎರಡೂ ಕಡೆ ನೋಡಿದಳು. ಮುಂದೆ ಮಲ್ಕಾ. ಹಿಂದೆ ತಮ್ಮ ಚಕ್ರದ ಗುರುತು, ಅದು ಒಯ್ಯುವುದು ಇಡೀ ಸುತ್ತುದಾರಿಯ ಮೊದಲಿಗೆ.

"ಕೆಲವು ಸಲ ಮಗೀನ ಕೈ ಮೊದ್ಲು ಬತ್ತೈತೆ," ಎಂದಳು ನಿಧಾನವಾಗಿ. "ಅದನ್ನ ಇಡಿದು ಎಳೆದ್ರೆ ತಾಯೂ ಇಲ್ಲ, ಮಗೂನೂ ಇಲ್ಲ. ಬಂದದ್ದನ್ನ ಒಳಕ್ಕೆ ತಳ್ಬೇಕು. ಆಮೇಲೆ ದಾರಿ. ಇಂದಕ್ಕೆ ತಗೀಪ್ಪ. ಒಂದ್ಸಲ ಬಾರ ತಡೆದ ನೆಲ ಇನ್ನೊಂದ್ಸಲ ತಡೆದೀತು."

ಹಾಸಲು ಸೊಪ್ಪಿಲ್ಲ, ಹುಲ್ಲಿಲ್ಲ. ಅವಳು ಟ್ರಂಕಿನ ತಳದಿಂದ ಕಂಬಳಿ ತೆಗೆದಳು. ಒಂದು ಗಳಿಗೆ ಎದೆಗೊತ್ತಿಕೊಂಡು, ಹೊಕ್ಕುಳಬಳ್ಳಿ ಕೊಯ್ಯುವ ತನ್ನ ಕುಡುಗೋಲಿನಿಂದ ನಡುವೆ ಸೀಳಿ, ಎರಡು ಚಕ್ರಗಳ ಹಿಂದೆ ತುರುಕಿದಳು. ಅದರ ಹಿಂದೆ ಟಾರ್ಪಾಲು. ಅದರ ಹಿಂದೆ ಗುಲಾಬಿ ಸೀರೆ.

"ಮೆಲ್ಲಗೆ... ಮೆಲ್ಲಗೆ..."

ಚಕ್ರ ಜಾರಿತು. ಕಂಬಳಿ ಕಚ್ಚಿತು. ಜೀಪು ನರಳಿ, ಅಲುಗಿ, ಮತ್ತೆ ಕುಸಿಯಿತು. ಹೆಂಗಸರಿಬ್ಬರೂ ಮುಂದಿನಿಂದ ಭುಜ ಕೊಟ್ಟರು. ಕಾಲು ಮೊಣಕಾಲಿನವರೆಗೆ ಹೂತಿತು. ಗೋಪಾಲಮ್ಮ ಹೆರಿಗೆಮನೆಯಲ್ಲಿ ಕೂಗುವಂತೆಯೇ ಕೂಗಿದಳು: "ಮುಕ್ಕು! ಇನ್ನೊಂದ್ಸಲ! ಮುಕ್ಕು ತಾಯಿ!"

ಕೆಸರು ದೊಡ್ಡ ನಿಟ್ಟುಸಿರು ಬಿಟ್ಟು ಚಕ್ರಗಳನ್ನು ಒಪ್ಪಿಸಿತು.

ಒಂದು ಕಂಬಳಿ ತುಂಡು ಮಾತ್ರ ಕೈಗೆ ಸಿಕ್ಕಿತು. ಇನ್ನೊಂದನ್ನು ಕೆಸರು ನುಂಗಿತ್ತು. ಹಳೆಯ ಗುರುತು ತಪ್ಪದಂತೆ ಹಿಮ್ಮುಖವಾಗಿ ತೆವಳಿ, ನಕ್ಷತ್ರ ಮೂಡುವಾಗ ಮೊದಲ ಡ್ರಮ್ಮು ಮುಟ್ಟಿದರು. ಗೋಪಾಲಮ್ಮ ಇಳಿದು ಆ ಡ್ರಮ್ಮನ್ನು ತಬ್ಬಿಕೊಂಡಳು. ಆಮೇಲೆ ಚಳಿ ಬಂತು, ಕನೀಜಮ್ಮ ಹೇಳಿದ್ದ ಹಾಗೆಯೇ. ಅರ್ಧ ಕಂಬಳಿಯನ್ನು ನಸೀಮಾಳಿಗೆ ಹೊದಿಸಿ, ಸುತ್ತುದಾರಿ ಹಿಡಿದರು.

ಶಿಬಿರ ಸೇರಿದಾಗ ಬೆಳಕು ಹರಿದಿತ್ತು. ಮಲ್ಕಾಳ ಮನೆಯೊಳಗಿನಿಂದ ಸದ್ದೇ ಇರಲಿಲ್ಲ. ಗೋಪಾಲಮ್ಮ ಬಾಗಿಲು ತಳ್ಳಿದಳು.

"ಗೋಪಾಲಮ್ಮಾ?" ಒಳಗಿನಿಂದ ಬತ್ತಿದ ದನಿ. "ಬಂದ್ಯಾ? ನೀನ್ ಬರೋವರೆಗೂ ಹಿಡ್ಕೊಂಡಿದ್ದೀನಿ ಕಣೇ."

"ಸಾಕು, ಇನ್ನು ಬಿಡು ತಾಯಿ," ಎಂದು ಅವಳು ಉಪ್ಪಿಗೆ ಸೀಳಿದ ಕೈಗಳನ್ನು ಬಿಸಿನೀರಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿದಳು. ಉರಿಗೆ ಕಣ್ಣಲ್ಲಿ ನೀರು ಬಂತು. ಬಿಸಿಲೇರುವ ಮೊದಲೇ ಹೆಣ್ಣು ಕೂಸು ಅಳುತ್ತಾ ಆ ಕೈಗೆ ಬಿತ್ತು.

ಬಾಣಂತನ ಮುಗಿಸಿ, ಮೇ ಕೊನೆಯಲ್ಲಿ ಇಬ್ಬರೂ ಯಶವಂತಪುರದಲ್ಲಿ ರೈಲಿಳಿದು ಜಟಕಾ ಹತ್ತಿದರು. ಹೆಬ್ಬಾಳದ ಹತ್ತಿರ ಕೆರೆ ಬತ್ತಿ ಬಿರುಕು ಬಿಟ್ಟಿತ್ತು.

"ಅಂಗಳದಾಗೆ ಅಡ್ಡ ಓಗ್ಬಿಡ್ಲಾ ಅಮ್ಮಾ?" ಎಂದ ಜಟಕಾದವನು.

"ಬೇಡ!" ಇಬ್ಬರೂ ಒಟ್ಟಿಗೆ ಕಿರುಚಿದ ರಭಸಕ್ಕೆ ಕುದುರೆಯೇ ಬೆದರಿತು. ಜಟಕಾ ಏರಿಯ ಮೇಲೆ, ಸುತ್ತಿಕೊಂಡೇ ಹೋಯಿತು.

ಬಾಗಿಲಲ್ಲಿ ಕನೀಜಮ್ಮ ನಿಂತಿದ್ದಳು. ನಸೀಮಾಳನ್ನು ತಬ್ಬಿ, ಕಡಲಾಚೆಯ ಮೊಮ್ಮಗಳ ಮೂಗು, ಕಣ್ಣು, ಕೂದಲು ಎಲ್ಲ ವಿಚಾರಿಸಿ, ಕಣ್ಣೊರೆಸಿಕೊಂಡ ಮೇಲೆ ಕೇಳಿದಳು: "ನನ್ ಕಂಬಳಿ?"

ಗೋಪಾಲಮ್ಮ ಉಪ್ಪಿಗೆ ಹಲಗೆಯಂತೆ ಸೆಟೆದಿದ್ದ ತುಂಡನ್ನು ಕೈಗಿಟ್ಟಳು. ಕನೀಜಮ್ಮ ಅದನ್ನು ತಿರುವಿ ತಿರುವಿ ನೋಡಿದಳು.

"ಇನ್ನರ್ಧ ಎಲ್ಲಿ?"

"ದಾರಿಗೆ ಆಸ್ದೆ ಕಣವ್ವ," ಎಂದಳು ಗೋಪಾಲಮ್ಮ. "ಅದ್ರ ಮೇಲೇನೇ ಬಂದ್ವಿ."